ತಾಮ್ರದ ನಾಡಿನ ಗಿಟಾರು

ತಾಮ್ರದ ಬೆಲೆ ಕುಸಿದದ್ದಕ್ಕೆ ಒಂದು ದೇಶದ ರಾಕ್ ಸಂಗೀತ ಬಾಗಿಲು ಹಾಕಿತು ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಆಫ್ರಿಕಾದ ಝಾಂಬಿಯಾದಲ್ಲಿ ಹೆಚ್ಚುಕಡಿಮೆ ಹಾಗೇ ಆಯಿತು. 1970ರ ದಶಕದಲ್ಲಿ ಅಲ್ಲಿನ ಗಣಿ ಪಟ್ಟಣಗಳ ಹುಡುಗರು ಮಾಡಿದ ಎಲ್‌ಪಿ ರೆಕಾರ್ಡುಗಳಿಗಾಗಿ ಇವತ್ತು ಜಗತ್ತಿನ ಸಂಗ್ರಾಹಕರು ಪೆಟ್ಟಿಗೆ ಪೆಟ್ಟಿಗೆ ಜಾಲಾಡುತ್ತಾರೆ. ನಾನೂ ಆ ಜಾತಿಗೇ ಸೇರಿದವನು. ಬೀಟಲ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಝೆಪ್ಪೆಲಿನ್ ಎಲ್ಲರ ಕಪಾಟಿನಲ್ಲೂ ಇವೆ, ಇರಬೇಕಾದ್ದೇ. ನನ್ನನ್ನು ಹಿಡಿದು ಕೂರಿಸುವುದು ಮಾತ್ರ ಆ ಸಾಲಿನಲ್ಲಿ ಹೆಸರು ಸೇರದೇ ಹೋದವರ ರೆಕಾರ್ಡುಗಳು.

ಒಳ್ಳೆಯದು ಹೇಗೂ ಉಳಿಯುತ್ತದೆ, ಮರೆಯಾದದ್ದು ಜಳ್ಳೇ ಇರಬೇಕು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ರೆಕಾರ್ಡು ಅಜ್ಞಾತವಾಗುವುದು ಬಹಳ ಸಲ ತೆರಿಗೆಯಿಂದ, ಕಾರ್ಖಾನೆಯ ಕೊರತೆಯಿಂದ, ಮುಚ್ಚಿದ ಗಡಿಯಿಂದ, ಕರ್ಫ್ಯೂವಿನಿಂದ, ಕಾಯಿಲೆಯಿಂದ. ಇವುಗಳಲ್ಲಿ ಒಂದಕ್ಕೂ ಸ್ವರ ತಾಳಗಳ ಹಂಗಿಲ್ಲ. ಝಾಂಬಿಯಾದ ಕತೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಸಿಗುತ್ತವೆ ಎಂಬ ಕಾರಣಕ್ಕೇ ಅದನ್ನು ಇಲ್ಲಿ ಹೇಳಬೇಕೆನಿಸಿತು.

1964ರ ಅಕ್ಟೋಬರ್ 24ರಂದು ಸ್ವತಂತ್ರವಾದ ಝಾಂಬಿಯಾಕ್ಕೆ ಅನ್ನ ಹಾಕುತ್ತಿದ್ದದ್ದು ತಾಮ್ರ. ಕಾಪರ್‌ಬೆಲ್ಟ್ ಪ್ರಾಂತ್ಯದ ಕಿಟ್ವೆ, ಎಂಡೋಲಾ, ಚಿಂಗೋಲಾ ಪಟ್ಟಣಗಳು ಗಣಿಗಳ ಸುತ್ತಲೇ ಬೆಳೆದವು. ನಮ್ಮ ಕೆ.ಜಿ.ಎಫ್. ಅನ್ನು ಅದರ ಒಳ್ಳೆಯ ದಿನಗಳಲ್ಲಿ ಕಂಡವರಿಗೆ ಆ ಊರುಗಳ ಚಿತ್ರ ಬೇಗ ಹಿಡಿಯುತ್ತದೆ: ಕಂಪನಿಯ ಲೈನ್ ಮನೆಗಳು, ಸಾಹೇಬರ ಕ್ಲಬ್ಬು, ತಿಂಗಳ ಸಂಬಳ, ಹೊರದೇಶದಿಂದ ಬರುವ ಹಾಡು ಮತ್ತು ಫ್ಯಾಷನ್ನು. ಜಿಮಿ ಹೆಂಡ್ರಿಕ್ಸ್, ರೋಲಿಂಗ್ ಸ್ಟೋನ್ಸ್, ಡೀಪ್ ಪರ್ಪಲ್, ಜೇಮ್ಸ್ ಬ್ರೌನ್ ಇವರೆಲ್ಲ ರೇಡಿಯೊದ ಮೂಲಕ, ಆಮದಾದ ರೆಕಾರ್ಡುಗಳ ಮೂಲಕ ಗಣಿ ಕಾರ್ಮಿಕರ ಮಕ್ಕಳ ಕಿವಿಗೆ ಬಿದ್ದರು. ಆ ಮಕ್ಕಳು ಮೊದಲು ನಕಲು ಮಾಡಿದರು, ಆಮೇಲೆ ತಮ್ಮದೇ ಹಾಡು ಕಟ್ಟಿದರು.

ಅಧ್ಯಕ್ಷ ಕೆನೆತ್ ಕೌಂಡಾ ಸ್ವತಃ ಗಿಟಾರು ಹಿಡಿದು ಹಾಡುತ್ತಿದ್ದವರು. ರೇಡಿಯೊದಲ್ಲಿ ಬಿತ್ತರವಾಗುವ ಸಂಗೀತದಲ್ಲಿ ಶೇ. 95ರಷ್ಟು ಝಾಂಬಿಯಾದ್ದೇ ಇರಬೇಕು ಎಂದು ಅವರು ಆದೇಶ ಹೊರಡಿಸಿದರು. ಇಂಥ ಆದೇಶಗಳು ಸಾಮಾನ್ಯವಾಗಿ ಕಡತದಲ್ಲೇ ಕೊಳೆಯುತ್ತವೆ. ಅಲ್ಲಿ ಹಾಗಾಗಲಿಲ್ಲ. ರೇಡಿಯೊಕ್ಕೆ ಸ್ಥಳೀಯ ಹಾಡು ಬೇಕಾಯಿತು, ಹಾಡುವವರಿಗೆ ಸ್ಟುಡಿಯೊ ಬೇಕಾಯಿತು, ನಾಲ್ಕೈದು ವರ್ಷಗಳ ಮಟ್ಟಿಗೆ ಒಂದು ಸಂಗೀತವೇ ಹುಟ್ಟಿಕೊಂಡಿತು. ಈಗ ಅದನ್ನು 'ಝಾಮ್‌ರಾಕ್' ಎನ್ನುತ್ತಾರೆ.

ಈ ಗುಂಪಿನ ಮುಂದಾಳು ತಂಡ 'ವಿಚ್'. ಗದ್ದಲವೆಬ್ಬಿಸುವುದೇ ನಮ್ಮ ಉದ್ದೇಶ ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಜೋಡಿಸಿದರೆ ಈ ಹೆಸರು ಬರುತ್ತದೆ. ಗಾಯಕ ಇಮ್ಯಾನುಯೆಲ್ ಚಂಡಾ ಅವರನ್ನು ಜನ 'ಜಗಾರಿ' ಎಂದು ಕರೆದರು. ಮಿಕ್ ಜಾಗರ್‌ನ ಹೆಸರನ್ನು ಆಫ್ರಿಕಾದ ನಾಲಿಗೆ ತನ್ನದಾಗಿಸಿಕೊಂಡ ರೀತಿ ಅದು. ಅವರ ಮೊದಲ ಎಲ್‌ಪಿ 'ಇಂಟ್ರೊಡಕ್ಷನ್' ಸಿದ್ಧವಾದಾಗ ದೇಶದಲ್ಲಿ ರೆಕಾರ್ಡು ಒತ್ತುವ ಅನುಕೂಲವೇ ಇರಲಿಲ್ಲ. ಕೀನ್ಯಾದ ನೈರೋಬಿಯಲ್ಲಿ ಒತ್ತಿಸಿ ತಂದು ಕಾರ್ಯಕ್ರಮಗಳಲ್ಲಿ ಮಾರಿದರು. ಮುಂದೆ ಎಂಡೋಲಾದಲ್ಲಿ ಕಾರ್ಖಾನೆ ಬಂತು. ಆದರೂ ಒಂದೊಂದು ಆಲ್ಬಮ್ಮಿನ ಪ್ರತಿಗಳು ದೇಶದ ಗಡಿ ದಾಟಿದ್ದು ಕಡಿಮೆ.

1975ರ 'ಲೇಜಿ ಬೋನ್ಸ್' ನನ್ನ ಪಾಲಿಗೆ ಆ ತಂಡದ ಅತ್ಯುತ್ತಮ ಕೆಲಸ. ವಾ-ವಾ ಪೆಡಲಿನ ಗಿಟಾರು ಒಂದು ಕಡೆ, ಫಜ್ ಪೆಡಲಿನ ಕರ್ಕಶ ಗಿಟಾರು ಇನ್ನೊಂದು ಕಡೆ. ನಡುವೆ ಬೇಸ್ ಗಿಟಾರು ಅವಸರವಿಲ್ಲದೆ ನಡೆಯುತ್ತದೆ. ಮೊದಲ ಆಲ್ಬಮ್ಮಿನ ಹರೆಯದ ಹುರುಪು ಇಲ್ಲಿ ಇಲ್ಲ, ಅದರ ಜಾಗದಲ್ಲಿ ಒಂದು ದಣಿವು, ಒಂದು ಅನುಮಾನ ಬಂದು ಕೂತಿದೆ. ದೇಶದ ಸ್ಥಿತಿ ಗೊತ್ತಿಲ್ಲದೆ ಕೇಳಿದರೂ ಏನೋ ಕೆಟ್ಟದ್ದು ಹತ್ತಿರ ಬರುತ್ತಿದೆ ಎಂದು ತಿಳಿಯುತ್ತದೆ. ಗೊತ್ತಿದ್ದು ಕೇಳಿದರಂತೂ ಮೈ ಜುಂ ಎನ್ನುತ್ತದೆ.

ಅದೇ ವರ್ಷದ ಇನ್ನೊಂದು ರೆಕಾರ್ಡು 'ಅಮಾನಾಜ್' ತಂಡದ 'ಆಫ್ರಿಕಾ'. ಅವರು ಮಾಡಿದ್ದು ಒಂದೇ ಆಲ್ಬಮ್. ಇದಕ್ಕೆ ಎರಡು ರೂಪಗಳಿವೆ. ಒಂದರಲ್ಲಿ ದನಿಗೆಲ್ಲ ಪ್ರತಿಧ್ವನಿ ತುಂಬಿ ಗವಿಯೊಳಗೆ ಹಾಡಿದ ಹಾಗಿದೆ, ಇನ್ನೊಂದರಲ್ಲಿ ಅದೇ ಹಾಡುಗಳು ಒಣಗಿದ ಹಾಗೆ, ಪಕ್ಕದಲ್ಲೇ ಕೂತು ನುಡಿಸಿದಂತಿವೆ. ಯಾವುದು ಮೇಲು ಎಂಬುದರ ಬಗ್ಗೆ ಸಂಗ್ರಾಹಕರು ಜಗಳವಾಡುತ್ತಾರೆ. ನನ್ನ ಮತ ಪ್ರತಿಧ್ವನಿಯ ಕಡೆಗೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಇಟ್ಟುಕೊಂಡು ಕೇಳಿ, ನೀವೂ ಈ ಕಡೆಗೇ ಬರುತ್ತೀರಿ.

ಪಾಲ್ ಎಂಗೋಜಿ ಇವರೆಲ್ಲರಿಗಿಂತ ಬೇರೆ. ಹಲ್ಲಿನಿಂದ ಗಿಟಾರಿನ ತಂತಿ ಮೀಟುತ್ತಿದ್ದ ಈತನ ರೆಕಾರ್ಡುಗಳಲ್ಲಿ ನಾಜೂಕು ಎಂಬುದೇ ಇಲ್ಲ. ಡ್ರಮ್ಮು ಒರಟು, ಗಿಟಾರು ಅದಕ್ಕಿಂತ ಒರಟು. ಆದರೆ ಬೀದಿಯ ಜನರ ಕಷ್ಟಸುಖವನ್ನು ಅವರದೇ ಮಾತಿನಲ್ಲಿ ಹಾಡಿದ್ದರಿಂದ ಉಳಿದವರು ಮಂಕಾದ ಮೇಲೂ ಈತನಿಗೆ ತನ್ನ ನಾಡಿನಲ್ಲಿ ಕೇಳುಗರಿದ್ದರು. 1989ರಲ್ಲಿ ತೀರಿಕೊಂಡ. 'ಎಂಗೋಜಿ ಫ್ಯಾಮಿಲಿ' ಹೆಸರಿನಲ್ಲಿ ಬಂದ 'ಡೇ ಆಫ್ ಜಡ್ಜ್‌ಮೆಂಟ್' 1976ರದ್ದು. ಅಷ್ಟು ಕಡಿಮೆ ಸಲಕರಣೆಯಲ್ಲಿ ಅಷ್ಟು ದೊಡ್ಡ ಸದ್ದು ಮಾಡಿದ ರೆಕಾರ್ಡು ನಾನು ಬೇರೆ ಕೇಳಿಲ್ಲ.

ಇನ್ನು ಕುಸಿತದ ಕತೆ. 1973ರಲ್ಲಿ ದಕ್ಷಿಣದ ರೊಡೇಶಿಯಾ ಗಡಿ ಮುಚ್ಚಿತು. ಸಮುದ್ರವಿಲ್ಲದ ದೇಶಕ್ಕೆ ತಾಮ್ರ ಸಾಗಿಸುವ ಒಂದು ಮುಖ್ಯ ದಾರಿ ತಪ್ಪಿತು. ಚೀನಾದ ನೆರವಿನಿಂದ ತಾಂಜಾನಿಯಾದ ಬಂದರಿಗೆ ರೈಲು ಹಾಕುತ್ತಿರುವಾಗಲೇ, 1974-75ರಲ್ಲಿ, ಜಗತ್ತಿನ ಮಾರುಕಟ್ಟೆಯಲ್ಲಿ ತಾಮ್ರದ ಬೆಲೆ ಬಿತ್ತು. ಸರ್ಕಾರದ ಕೈ ಬರಿದಾಯಿತು, ಜನರ ಜೇಬೂ ಬರಿದಾಯಿತು. ರೆಕಾರ್ಡು ಕೊಳ್ಳುವವರು ಎಲ್ಲಿಂದ ಬರಬೇಕು? ಸುತ್ತಲಿನ ವಿಮೋಚನಾ ಹೋರಾಟಗಳಿಗೆ ಝಾಂಬಿಯಾ ಆಸರೆ ಕೊಟ್ಟಿದ್ದರಿಂದ ದಾಳಿಗಳ ಭಯ ಹೆಚ್ಚಿ ಕರ್ಫ್ಯೂ ಬಂತು, ರಾತ್ರಿ ದೀಪ ಆರಿಸಬೇಕಾಯಿತು. ಸಂಜೆ ಶುರುವಾಗಿ ನಡುರಾತ್ರಿ ದಾಟುತ್ತಿದ್ದ ಕಾರ್ಯಕ್ರಮಗಳು ಹಗಲಿಗೆ ಬಂದವು, ಆಮೇಲೆ ನಿಂತೇಹೋದವು. ಕದ್ದು ಮಾಡಿದ ಕ್ಯಾಸೆಟ್ಟುಗಳು ಉಳಿದ ವ್ಯಾಪಾರವನ್ನೂ ತಿಂದವು. 80ರ ದಶಕದಲ್ಲಿ ಏಡ್ಸ್ ಬಂತು. 'ವಿಚ್' ತಂಡದ ಮೊದಲ ಬಳಗದಲ್ಲಿ ಬದುಕುಳಿದದ್ದು ಜಗಾರಿ ಒಬ್ಬರೇ. ಅವರು ಹಾಡುವುದನ್ನು ಬಿಟ್ಟು ಮೇಷ್ಟರಾದರು, ಮುಂದೆ ಹೊಟ್ಟೆಪಾಡಿಗೆ ರತ್ನದ ಕಲ್ಲುಗಳ ಗಣಿ ಅಗೆಯುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಆ ಸಂಗೀತ ನಮ್ಮ ಕಿವಿಗೆ ಬಿದ್ದದ್ದು ಸಂಗ್ರಾಹಕರ ಹಟದಿಂದ. ಯಾರದೋ ಮನೆಯಲ್ಲಿ ಉಳಿದ ಗೀರುಬಿದ್ದ ಪ್ರತಿಗಳನ್ನು ಹುಡುಕಿ, ಹಾಡಿದವರು ಯಾರು ಎಲ್ಲಿದ್ದಾರೆ ಎಂದು ವಿಚಾರಿಸಿ, ಮರುಮುದ್ರಣಕ್ಕೆ ಕೈಹಾಕಿದರು. ಅಮೆರಿಕದ 'ನೌ-ಅಗೇನ್' ಸಂಸ್ಥೆ 2012ರಲ್ಲಿ 'ವಿಚ್' ತಂಡದ 70ರ ದಶಕದ ಆಲ್ಬಮ್‌ಗಳನ್ನು ಒಂದು ಪೆಟ್ಟಿಗೆಯಾಗಿ ತಂದಿತು. ಅಲ್ಲಿಂದಾಚೆಗೆ ಜಗಾರಿ ಹೊಸ ಹುಡುಗರನ್ನು ಕೂಡಿಕೊಂಡು ಯುರೋಪು, ಅಮೆರಿಕದ ವೇದಿಕೆಗಳನ್ನು ಹತ್ತಿದರು. 2019ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ಬಂತು. 2023ರಲ್ಲಿ, ಸುಮಾರು ನಾಲ್ಕು ದಶಕಗಳ ನಂತರ, 'ವಿಚ್' ಹೆಸರಿನಲ್ಲಿ ಹೊಸ ಆಲ್ಬಮ್ 'ಝಾಂಗೊ' ಹೊರಬಂತು.

ದುಡ್ಡಿನ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಒಳ್ಳೆಯ ಸ್ಥಿತಿಯ ಮೂಲ ಪ್ರತಿಗೆ ಸಾವಿರಾರು ಡಾಲರ್ ಕೊಡುವವರಿದ್ದಾರೆ. ಆ ದುಡ್ಡಿನಲ್ಲಿ ಹಾಡಿದವನಿಗೆ ಬಿಡಿಗಾಸೂ ಹೋಗುವುದಿಲ್ಲ, ಒಬ್ಬ ಸಂಗ್ರಾಹಕನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ ಅಷ್ಟೆ. ಪರವಾನಗಿ ಪಡೆದು ಮಾಡಿದ ಮರುಮುದ್ರಣದಲ್ಲಿ ಕಲಾವಿದನಿಗೆ, ಅವನಿಲ್ಲದಿದ್ದರೆ ಅವನ ಮನೆಯವರಿಗೆ, ಪಾಲು ಸಲ್ಲುತ್ತದೆ. ಕಳ್ಳ ಮರುಮುದ್ರಣಗಳೂ ಇದೇ ಪೇಟೆಯಲ್ಲಿವೆ. ಹೊದಿಕೆ ಚೆಂದ, ಒಳಗೆ ಯಾರಿಗೂ ಸಲ್ಲದ ದುಡ್ಡು. ಡೆಟ್ರಾಯಿಟ್‌ನ ಸಿಕ್ಸ್ಟೊ ರೊಡ್ರಿಗೆಜ್ ಕತೆ ಬಹಳ ಜನರಿಗೆ ಗೊತ್ತಿದೆ. 1970ರ ಅವರ 'ಕೋಲ್ಡ್ ಫ್ಯಾಕ್ಟ್' ಅಮೆರಿಕದಲ್ಲಿ ಬಿಕರಿಯಾಗಲಿಲ್ಲ, ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾಯಿತು. ಆ ಸುದ್ದಿಯೇ ತಿಳಿಯದ ಅವರು ತಮ್ಮೂರಿನಲ್ಲಿ ಹಳೆ ಕಟ್ಟಡ ಕೆಡಹುವ ಕೂಲಿ ಮಾಡಿಕೊಂಡಿದ್ದರು. ಸಂಗ್ರಾಹಕನ ಆನಂದಕ್ಕೆ ಒಂದು ಜವಾಬ್ದಾರಿಯೂ ಅಂಟಿಕೊಂಡಿದೆ ಎಂದು ನಾನು ಹೇಳುವುದು ಇದಕ್ಕೇ. ಮೂಲ ಪ್ರತಿ, ಮರುಮುದ್ರಣ ಎರಡೂ ಎದುರಿಗಿದ್ದಾಗ ನಾನು ಪರವಾನಗಿಯ ಮರುಮುದ್ರಣವನ್ನೇ ಕೊಳ್ಳುತ್ತೇನೆ. ನನ್ನಲ್ಲಿರುವ ಝಾಂಬಿಯಾದ ರೆಕಾರ್ಡುಗಳೆಲ್ಲ ಅಂಥವೇ.

ಶ್ರೀಮಂತ ದೇಶದಲ್ಲೂ ರೆಕಾರ್ಡು ಅಜ್ಞಾತವಾಗಬಹುದು, ಕಾರಣ ಬೇರೆ. ಬ್ರಿಟನ್ನಿನಲ್ಲಿ ನೂರಕ್ಕಿಂತ ಕಡಿಮೆ ಪ್ರತಿ ಒತ್ತಿಸಿದರೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಸ್ವಂತ ದುಡ್ಡು ಹಾಕಿದ ತಂಡಗಳು 99ಕ್ಕೇ ನಿಲ್ಲಿಸುವುದಿತ್ತು. ನಾರ್ಥಾಂಪ್ಟನ್‌ನ 'ಡಾರ್ಕ್' ಎಂಬ ತಂಡ 1972ರಲ್ಲಿ 'ರೌಂಡ್ ದಿ ಎಡ್ಜಸ್' ಎಂಬ ಆಲ್ಬಮ್ಮನ್ನು ನೂರರ ಒಳಗೇ ಒತ್ತಿಸಿ ಗೆಳೆಯರಿಗೆ, ನೆಂಟರಿಗೆ ಹಂಚಿತು. ಈಗ ಅದು ಬ್ರಿಟನ್ನಿನ ಅತಿ ದುಬಾರಿ ರಾಕ್ ರೆಕಾರ್ಡುಗಳಲ್ಲಿ ಒಂದು.

ನಮ್ಮ ದೇಶದ ಕಡೆ ಬರೋಣ. ಕಲ್ಕತ್ತದ ಡಂಡಂನಲ್ಲಿದ್ದ ಗ್ರಾಮಫೋನ್ ಕಂಪನಿಯ ಕಾರ್ಖಾನೆಯಿಂದಲೇ ನಮ್ಮ ಮನೆಗಳ ಬಹುಪಾಲು ರೆಕಾರ್ಡುಗಳು ಬಂದದ್ದು. ಬೀಟಲ್ಸ್ ಹಾಡುಗಳನ್ನು ಅಲ್ಲಿ 60ರ ದಶಕದ ನಡುಭಾಗದವರೆಗೂ 78 ಸುತ್ತಿನ ಅರಗಿನ ರೆಕಾರ್ಡುಗಳ ಮೇಲೂ ಒತ್ತುತ್ತಿದ್ದರು. ಇಂಗ್ಲೆಂಡಿನಲ್ಲಿ ಅಷ್ಟು ಹೊತ್ತಿಗೆ ಅರಗಿನ ಕಾಲ ಮುಗಿದಿತ್ತು. ನಮ್ಮಲ್ಲಿ ಕರೆಂಟಿಲ್ಲದ ಮನೆಗಳಿದ್ದವು, ಕೀಲಿ ಕೊಡುವ ಗ್ರಾಮಫೋನುಗಳಿದ್ದವು, ಹಾಗಾಗಿ ಬೇಡಿಕೆ ಇತ್ತು. ಈಗ ಆ ರೆಕಾರ್ಡುಗಳಿಗಾಗಿ ಹೊರದೇಶದವರು ನಮ್ಮ ಗುಜರಿ ಅಂಗಡಿಗಳ ಬಾಗಿಲು ತಟ್ಟುತ್ತಾರೆ.

ಇಂಪೀರಿಯಲ್ ಟೊಬ್ಯಾಕೊ ಕಂಪನಿಯು ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆ ನಡೆಸಿದ ರಾಕ್ ಸ್ಪರ್ಧೆಯಿಂದ 1970 ಮತ್ತು 1971ರಲ್ಲಿ 'ಸಿಮ್ಲಾ ಬೀಟ್' ಎಂಬ ಎರಡು ಎಲ್‌ಪಿಗಳು ಬಂದವು. ಶಿಲ್ಲಾಂಗಿನ ಫೆಂಟೋನ್ಸ್, ಮದರಾಸಿನ ಕನ್‌ಫ್ಯೂಷನ್ಸ್ ಹೀಗೆ ಕಾಲೇಜು ಹುಡುಗರ ತಂಡಗಳು ಅದರಲ್ಲಿವೆ. ಧ್ವನಿಮುದ್ರಣ ಸಾಧಾರಣ. ಕೆಲವು ಹಾಡುಗಳು ನೇರ ಪಡಿಯಚ್ಚು. ಆದರೆ ಎರಡು ಮೂರು ಕಡೆ ಆ ಹುಡುಗರು ಅನುಕರಣೆಯ ಬೇಲಿ ಹಾರುತ್ತಾರೆ, ಆ ನಾಲ್ಕು ನಿಮಿಷಕ್ಕೆ ಇಡೀ ರೆಕಾರ್ಡು ಸಾರ್ಥಕ. ಬೆಂಗಳೂರಿಗೂ ಆ ಕಾಲದ ರಾಕ್ ಭೂಪಟದಲ್ಲಿ ದೊಡ್ಡ ಜಾಗವಿದೆ. 'ಹ್ಯೂಮನ್ ಬಾಂಡೇಜ್' ತಂಡವನ್ನು ಕೇಳಿದ ಹಿರಿಯರು ಇಂದಿಗೂ ಅದರ ಬಗ್ಗೆ ಮಾತೆತ್ತಿದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಅವರ ಹೆಸರಿನ ಒಂದು ಎಲ್‌ಪಿ ನನ್ನ ಕಣ್ಣಿಗೆ ಈವರೆಗೂ ಬಿದ್ದಿಲ್ಲ. ವೇದಿಕೆಯಲ್ಲಿ ಅಷ್ಟು ಹೆಸರು ಮಾಡಿದವರ ಸಂಗೀತ ಈಗ ಕೇಳಿದವರ ನೆನಪಿನಲ್ಲಷ್ಟೇ ಇರುವುದು ನನಗೆ ನಿಜವಾಗಿ ನೋವಿನ ವಿಷಯ.

ಕನ್ನಡದಲ್ಲಿ ವಿದ್ಯುತ್ ಗಿಟಾರಿನ ಸೊಗಸು ಹುಡುಕುವವರು ರಾಕ್ ತಂಡಗಳ ಕಡೆ ನೋಡಬೇಕಿಲ್ಲ, ಸಿನಿಮಾ ರೆಕಾರ್ಡುಗಳ ಕಡೆ ನೋಡಲಿ. ದೊರೆ-ಭಗವಾನ್ ನಿರ್ದೇಶನದ 1968ರ 'ಜೇಡರ ಬಲೆ'ಯಿಂದ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಕೊಟ್ಟ ಸಂಗೀತದಲ್ಲಿ ಗಿಟಾರು, ಹಿತ್ತಾಳೆ ವಾದ್ಯ, ಡ್ರಮ್ಮುಗಳ ಓಟ ಯಾವ ದೇಶದ ಪತ್ತೇದಾರಿ ಚಿತ್ರಕ್ಕೂ ಕಡಿಮೆಯಿಲ್ಲ. ಮುಂದೆ ಇದೇ ವೆಂಕಟೇಶರ ಬಳಿ ಇಳಯರಾಜ ಗಿಟಾರು ನುಡಿಸಿದರು, ಸಹಾಯಕರಾಗಿ ಪಳಗಿದರು. ಆ ಕಾಲದ ಏಳಂಗುಲದ ಇಪಿಗಳು ಸಿಕ್ಕರೆ ಬಿಡಬೇಡಿ.

ಸಿಗುವುದೆಲ್ಲಿ? ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಸಂತೆಗೆ ಬೆಳಿಗ್ಗೆ ಬೇಗ ಹೋಗಬೇಕು. ಹಳೆ ರೇಡಿಯೊ, ಗಡಿಯಾರ, ಬೀಗಗಳ ನಡುವೆ ರೆಕಾರ್ಡಿನ ರಾಶಿಯೂ ಒಮ್ಮೊಮ್ಮೆ ಇರುತ್ತದೆ. ಒಮ್ಮೆ ಗೊತ್ತಿಲ್ಲದ ಹೆಸರಿನ ಒಂದು ಎಲ್‌ಪಿಯನ್ನು ನಾನು ಎತ್ತಿಟ್ಟುಕೊಂಡಾಗ ಮಾರುವ ಯಜಮಾನರೇ ತಡೆದರು. "ಅದ್ಯಾಕೆ ಸಾರ್, ಅದನ್ನ ಯಾರೂ ಕೇಳಲ್ಲ. ಕಿಶೋರ್ ಕುಮಾರ್ ಇದೆ, ತಗೊಳ್ಳಿ" ಎಂದರು. ಯಾರೂ ಕೇಳದ್ದೇ ಬೇಕಾಗಿತ್ತು ಎಂದೆ. ನಕ್ಕು, ರಾಶಿಯ ಅಡಿಯಿಂದ ಅಂಥವೇ ಇನ್ನೆರಡನ್ನು ಎಳೆದು ಕೊಟ್ಟರು, ಕಿಶೋರ್ ಕುಮಾರನನ್ನೂ ಸೇರಿಸಿದರು. ನಾಲ್ಕನ್ನೂ ತಂದೆ.

ಕೊಳ್ಳುವ ಮೊದಲು ರೆಕಾರ್ಡನ್ನು ಹೊದಿಕೆಯಿಂದ ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕೂದಲೆಳೆಯಂಥ ಗೀರುಗಳು ಅಂಥ ತೊಂದರೆಯಲ್ಲ, ಉಗುರಿಗೆ ತಾಗುವಷ್ಟು ಆಳದವು ಟಕ್ ಟಕ್ ಎನ್ನುತ್ತವೆ. ಗೀರೇ ಇಲ್ಲದೆ ಮೇಲ್ಮೈ ಬೂದಿಬಣ್ಣಕ್ಕೆ ತಿರುಗಿದ್ದರೆ ಸವೆದ ಮುಳ್ಳಿನಲ್ಲಿ ಮತ್ತೆ ಮತ್ತೆ ಹಾಕಿದ್ದಾರೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪು ಪಟ್ಟಿಯಲ್ಲಿ ಕೆತ್ತಿದ ಅಂಕಿ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಯಾವ ಅಚ್ಚು, ಎಷ್ಟನೆಯ ಸಲದ ಒತ್ತು ಎಂಬುದನ್ನು ಅದು ಹೇಳುತ್ತದೆ. ಹೊದಿಕೆ ಸುಳ್ಳು ಹೇಳಬಹುದು, ಆ ಪಟ್ಟಿ ಹೇಳುವುದು ಕಡಿಮೆ.

ನಮ್ಮ ಕರಾವಳಿ, ಮಲೆನಾಡಿನ ರೆಕಾರ್ಡುಗಳ ದೊಡ್ಡ ಶತ್ರು ಬೂಷ್ಟು. ಮಳೆಗಾಲದ ತೇವಕ್ಕೆ ಬಿಳಿ ಚುಕ್ಕೆಗಳು ಏಳುತ್ತವೆ. ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಮೃದುವಾದ ಸೋಪಿನ ದ್ರಾವಣ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆಗಳ ಗುಂಟ ಸುತ್ತಾಗಿ ಒರೆಸಿ, ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಆರಲು ಬಿಡಿ. ಲೇಬಲ್ಲಿಗೆ ನೀರು ತಾಗದಿರಲಿ. ಹಳೆಯ 78 ಸುತ್ತಿನ ಅರಗಿನ ರೆಕಾರ್ಡಿಗೆ ಸ್ಪಿರಿಟ್ಟು ಸೋಕಿಸಲೇಬೇಡಿ, ಅರಗೇ ಕರಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಡೊಂಕಾಗುತ್ತವೆ, ಪುಸ್ತಕದಂತೆ ನಿಲ್ಲಿಸಿಡಿ. ಬಿಸಿಲು ಬೀಳುವ ಕಿಟಕಿಯ ಬಳಿ ಬೇಡ. ಒಳ್ಳೆಯ ಮುಳ್ಳಿಗೆ ಹಾಕುವ ದುಡ್ಡು ದಂಡವಲ್ಲ. ದೊಡ್ಡ ಸ್ಪೀಕರಿಗಿಂತ ಮೊದಲು ಅದನ್ನು ಕೊಳ್ಳಿ.

ಫೋನಿನಲ್ಲಿ ಇವೆಲ್ಲ ಪುಕ್ಕಟೆ ಸಿಗುವಾಗ ಇಷ್ಟು ರಗಳೆ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ನೇರವಾಗಿದೆ. ಫೋನಿನಲ್ಲಿ ಕೇಳಿ, ಖಂಡಿತ ಕೇಳಿ. ಝಾಂಬಿಯಾದ ಹಾಡುಗಳು ನನಗೂ ಮೊದಲು ಸಿಕ್ಕಿದ್ದು ಹಾಗೆಯೇ. ಆದರೆ ಎಲ್‌ಪಿಯ ಒಂದು ಮಗ್ಗುಲು ಇಪ್ಪತ್ತು ನಿಮಿಷ ಚಿಲ್ಲರೆ. ಅಷ್ಟು ಹೊತ್ತಿಗೆ ಅದನ್ನು ತಿರುಗಿಸಿ ಹಾಕಲು ನೀವು ಎದ್ದೇಳಬೇಕು. ಆ ಕಟ್ಟುಪಾಡಿಗೆ ತಕ್ಕಂತೆ ಹಾಡುಗಳನ್ನು ಜೋಡಿಸಿದ್ದಾರೆ. ಯಾವುದು ಮೊದಲು ಬರಬೇಕು, ಮಗ್ಗುಲು ಮುಗಿಯುವಾಗ ಕೇಳುಗನನ್ನು ಎಲ್ಲಿ ಬಿಡಬೇಕು ಎಂದು ಯೋಚಿಸಿದ್ದಾರೆ. ಹೆಸರಾಂತ ಹಾಡೊಂದನ್ನೇ ಕಿತ್ತು ಕೇಳಿದರೆ ಆ ಯೋಚನೆ ಕೈಬಿಟ್ಟುಹೋಗುತ್ತದೆ. ಅಜ್ಞಾತ ತಂಡಗಳ ವಿಷಯದಲ್ಲಂತೂ ಹೆಸರಾಂತ ಹಾಡೇ ಇಲ್ಲ. ಇಡೀ ಮಗ್ಗುಲು ಕೇಳದೆ ನಿಮಗೆ ಬೇರೆ ದಾರಿಯಿಲ್ಲ, ಮೆಚ್ಚಬೇಕಾದ್ದು ಯಾವುದೆಂದು ಯಾರೂ ಮೊದಲೇ ಹೇಳಿಕೊಟ್ಟಿಲ್ಲ. ನಿಮ್ಮ ಕಿವಿಯೇ ತೀರ್ಮಾನಿಸಬೇಕು. ಈ ಸ್ವಾತಂತ್ರ್ಯ ಪ್ರಸಿದ್ಧ ರೆಕಾರ್ಡುಗಳು ಕೊಡಲಾರವು. ಮೂಲ ಟೇಪು ಕಳೆದುಹೋದ ಆಲ್ಬಮ್‌ಗಳನ್ನು ಉಳಿದ ಒಂದು ರೆಕಾರ್ಡಿನಿಂದಲೇ ಮತ್ತೆ ಇಳಿಸಿಕೊಂಡು ಹೊರತರುವುದೂ ಉಂಟು. ಆ ಒಂದು ಪ್ರತಿಯನ್ನು ಯಾರೋ ಎಸೆದಿದ್ದರೆ ಫೋನಿನಲ್ಲೂ ಅದು ಸಿಗುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲೋ ಅಜ್ಜನ ಮನೆಯ ಪೆಟ್ಟಿಗೆಯಲ್ಲೋ ರೆಕಾರ್ಡುಗಳಿದ್ದರೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಪ್ರಸಿದ್ಧರದ್ದು ಬೇರೆ ಕಡೆ ಸಿಗುತ್ತದೆ. ನೀವು ಕೇಳೇ ಇರದ ಹೆಸರುಗಳನ್ನು ಮೊದಲು ಎತ್ತಿಡಿ. ತೊಳೆದು ಒಣಗಿಸಿ. ಲೇಬಲ್ಲಿನಲ್ಲಿರುವ ತಂಡ, ಕಂಪನಿ, ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದನ್ನು ಯಾರು ತಂದರು, ಎಲ್ಲಿಂದ ತಂದರು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಅದರ ಪಕ್ಕದಲ್ಲೇ ಬರೆಯಿರಿ. ನಿಮಗೆ ಬೇಡವಾದರೆ ಕೇಳುವವರ ಕೈಗೆ ಕೊಡಿ.